ಹಳೆಯದರಿಂದ ತೆಗಿ

ಹಳದಿ ಬಾಯಿಯ ಅಂಚಿನ ಮೇಲೆ ಒಂದು ಇರುವೆ ಹೋಗುತ್ತಿದೆ, ಒಂಟಿಯಾಗಿ, ಎಲ್ಲಿಂದ ಬಂತೋ, ಯಾವುದೋ ಬೇರೆ ಊರಿನ ತೊಗಟೆಯ ಚೂರಿಗೆ ಅಂಟಿಕೊಂಡು ಲಾರಿಯ ಹಿಂದೆ ಇದೂ ಬಂದಿರಬೇಕು, ಯಂತ್ರದ ಬಾಯಿಯನ್ನು ಒಂದು ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದು ಮೀಸೆ ಆಡಿಸುತ್ತಿದೆ, ದಾರಿ ಇಲ್ಲ ಕಣಪ್ಪ, ಸುತ್ತ ಎಲ್ಲಾ ಕಬ್ಬಿಣ — ಎಷ್ಟು ದೊಡ್ಡ ಬಾಯಿ, ಒಳಗೆ ಒಂದು ಕರು ನಿಲ್ಲಬಹುದು, ಸೌದೆಯನ್ನು ಚಕ್ಕೆ ಮಾಡುವ ಈ ಯಂತ್ರ ಮಾರುವವನು ಅದನ್ನೇ ಹೆಮ್ಮೆಯಿಂದ ಹೇಳುತ್ತಿದ್ದಾನೆ, ಒಂದು ಅಡಿ ದಪ್ಪದ ದಿಮ್ಮಿ ಅಮ್ಮಾ, ಸೀಳೋದೇ ಬೇಡ, ಹಾಗೇ ಇಟ್ರೆ ಹಾಗೇ ಒಳಗೆ, ಬಿಳಿ ಅಂಗಿ, ಸೌದೆ ಡಿಪೋಗೆ ಬಿಳಿ ಅಂಗಿ ಹಾಕಿಕೊಂಡು ಬರುವವನಿಗೆ ಸೌದೆಯ ವಿಷಯ ಎಷ್ಟು ಗೊತ್ತಿದ್ದೀತು, ಆದರೆ ಮಗಳು ಬಿಡುವವಳಲ್ಲ, ಯಂತ್ರದ ಸುತ್ತ ಇದು ಮೂರನೆಯ ಸಲ ಬರುತ್ತಿದ್ದಾಳೆ, ಮಗಳು ಅಂದರೆ ತಮ್ಮನ ಮಗಳು, ನನಗೆ ಬೇರೆ ಮಕ್ಕಳಿಲ್ಲ, ಕೈಯಲ್ಲಿ ಅವಳ ಅಪ್ಪನ ಚರ್ಮದ ಗವಸು, ಬೆರಳ ತುದಿಗೆ ಅರ್ಧ ಅಂಗುಲ ಖಾಲಿ ಉಳಿಯುತ್ತದೆ, ಆದರೂ ಅದನ್ನೇ ಹಾಕುತ್ತಾಳೆ. ಈಗ ಅವನು ಹೇಳುತ್ತಿದ್ದಾನೆ, ತಿರುಗೋ ತಟ್ಟೆಗೆ ಅಲಗು ಕೂರಿಸಿರೋ ಯಂತ್ರದಲ್ಲಿ ಚಕ್ಕೆ ಒಂದೇ ಅಳತೆಗೆ ಬರುತ್ತೆ ನಿಜ, ಆದ್ರೆ ಕೊಂಬೆ ರೆಂಬೆ ಕೊಟ್ರೆ ಮುಖ ಸಿಂಡರಿಸುತ್ತೆ, ಈ ಡ್ರಮ್ಮಿನ ಯಂತ್ರಕ್ಕೆ ಆ ನಾಚಿಕೆ ಇಲ್ಲ, ಕೊಟ್ಟಿದ್ದೆಲ್ಲ ತಿನ್ನುತ್ತೆ, ನಮ್ಮ ಮಾವನ ಹಾಗೆ, ಅವಳು ನಗುವುದಿಲ್ಲ, ನಿಮ್ಮ ಮಾವನ ಹಲ್ಲು ಎಷ್ಟು ದಿನ ಬಾಳುತ್ತೆ, ಅದನ್ನ ಹೇಳಿ, ಹಲ್ಲು ಅಂದ್ರೆ ಅಲಗು ತಾನೇ ಅಮ್ಮಾ, ಹಸಿ ಮರ ಆದ್ರೆ — ನಾನು ಹಸಿ ಕೇಳ್ಲಿಲ್ಲ, ನಮ್ಮ ಹತ್ರ ಇರೋದು ಒಣ ಸೌದೆ, ಎರಡು ಬೇಸಿಗೆ ಕಂಡ ಗಟ್ಟಿ ಮರ, ಅದಕ್ಕೆ ಎಷ್ಟು ಗಂಟೆ ತಡೆಯುತ್ತೆ. ಅವನು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಳ್ಳುತ್ತಾನೆ. ಸರಿಯಾದ ಪ್ರಶ್ನೆ ಕೇಳಿದೆ ಮಗಳೇ. ಅಪ್ಪನೇ ಅವಳು, ಮಾತು ಕಡಿಮೆ, ಆಡಿದ್ದು ಬೀಳಬೇಕಾದ ಕಡೆಗೇ ಬೀಳುತ್ತದೆ, ನಾನು ಕೂತಿರುವ ಈ ಕೊರಡಿನ ಮೇಲೆ ಅವನ ಕೊಡಲಿ ಬೀಳುತ್ತಿದ್ದ ಹಾಗೆ, ಕೊರಡಿನ ನಡುವೆ ತಟ್ಟೆಯಂತೆ ತಗ್ಗಾಗಿದೆ, ಮುದುಕನಿಗೆ ಕೂರಲು ಹೇಳಿ ಮಾಡಿಸಿದ ಹಾಗೆ, ಯಾರು ಮಾಡಿದ ತಗ್ಗು ಇದು, ಯಾರು ಕೂತಿರುವುದು.

ಯಂತ್ರ ಬೇಡ ಅನ್ನುವ ಹಾಗಿಲ್ಲ, ಅದು ನನಗೂ ಗೊತ್ತು, ಬಾಯಿ ಬಿಟ್ಟು ಬೇಡ ಅಂದಿಲ್ಲ ಈ ಸಲ. ರೊಟ್ಟಿ ಒಲೆಯವನು ಇಪ್ಪತ್ತಾರು ವರ್ಷ ನಮ್ಮ ಸೌದೆಯನ್ನು ಮೂಸಿ ನೋಡಿ ಒಯ್ದವನು, ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದ, ಇದು ಬೇಯಿಸುತ್ತೆ, ಇದು ಬರೀ ಹೊಗೆ ಹಾಕುತ್ತೆ ಅಂತ, ಅವನೂ ಗ್ಯಾಸಿಗೆ ಹೋದ, ಹೇಳಲು ಬಂದಾಗ ನನ್ನ ಮುಖ ನೋಡಲಿಲ್ಲ, ಅಂಗಳದ ಗೇಟಿನ ತುಕ್ಕು ನೋಡುತ್ತಾ ಹೇಳಿದ. ಉಳಿದದ್ದು ಕಾಗದದ ಕಾರ್ಖಾನೆ ಒಂದೇ, ಅಲ್ಲಿ ಬಾಯ್ಲರ್ ನೋಡಿಕೊಳ್ಳುವ ಹೊಸಬ ಮಗಳಿಗೆ ಹೇಳಿ ಕಳಿಸಿದ್ದಾನೆ, ಇನ್ನು ಮೇಲೆ ಸೌದೆ ಬೇಡ, ಚಕ್ಕೆ ಕೊಡಿ, ಬೆಲ್ಟಿನ ಮೇಲೆ ಹರಿದುಕೊಂಡು ಹೋಗಬೇಕು, ಕೈ ಹಾಕೋ ಜನ ಇಲ್ಲ ನಮ್ಮಲ್ಲಿ, ನೀವಲ್ಲದಿದ್ರೆ ಬೇರೆಯವರು. ಅದೂ ಸರಿ. ನನ್ನ ಚಿಂತೆ ಅದಲ್ಲ, ನನ್ನ ಚಿಂತೆ ಹಿಂದಿನ ಗೋಡೆಯ ಪಕ್ಕ ಇದೆ, ಇಲ್ಲಿಂದಲೇ ಕಾಣುತ್ತದೆ, ಎದೆಯೆತ್ತರಕ್ಕೆ ಜೋಡಿಸಿದ ಸೌದೆಯ ಒಂದು ಅಟ್ಟಿ, ಮೇಲೆ ತಗಡು, ತಗಡು ಗಾಳಿಗೆ ಹಾರದಂತೆ ಅದರ ಮೇಲೆ ಸೀಳದ ಒಂದು ದಿಮ್ಮಿ. ತಮ್ಮ ಸೀಳಿದ ಕೊನೆಯ ಅಟ್ಟಿ. ಬೇರೆಯವೆಲ್ಲ ಅವನು ಹೋದ ಮೇಲಿನ ಈ ಹದಿನಾಲ್ಕು ತಿಂಗಳಲ್ಲಿ ಖಾಲಿಯಾದವು, ಬಂದವರಿಗೆ ಕೊಟ್ಟೆವು, ಮುಂದಿನ ಸಾಲಿನಲ್ಲಿ ಇರುವ ಎರಡು ಅಟ್ಟಿ ಸಾಮಿಲ್ಲಿನಿಂದ ಸೀಳಿಸಿ ತಂದದ್ದು, ಯಾರ ಕೈಯದೋ, ಮುಖವಿಲ್ಲದ ಸೌದೆ. ನಮ್ಮಲ್ಲಿ ಒಂದು ಪದ್ಧತಿ, ಅಟ್ಟಿ ಏರಿಸಿ ಮುಗಿದ ದಿನ ಮುಂದಿನ ಹಲಗೆಯ ಮೇಲೆ ಸೀಮೆಸುಣ್ಣದಿಂದ ತಾರೀಕು ಬರೆಯುವುದು, ಹಳೆಯ ತಾರೀಕಿನ ಅಟ್ಟಿ ಮೊದಲು ಹೋಗಬೇಕು, ಹೊಸದು ಎಷ್ಟೇ ಚೆನ್ನಾಗಿರಲಿ ಮುಟ್ಟಬಾರದು, ಹಳೆಯದರಿಂದ ತೆಗಿ, ಈ ಅಂಗಳದಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು ಯಾವುದು ಅಂತ ಲೆಕ್ಕ ಒಪ್ಪಿಸುವ ಕೊನೆಯ ದಿನ ಭಗವಂತ ಕೇಳಿದರೆ ಅವನ ಹೆಸರಲ್ಲ ಅಂತ ನಾಚಿಕೆಯಿಂದ ಹೇಳಬೇಕಾಗುತ್ತದೆ, ನಲವತ್ತು ವರ್ಷ, ಹಳೆಯದರಿಂದ ತೆಗಿ. ಕೊಡುವ ಮೊದಲು ಪರೀಕ್ಷೆ, ಅಟ್ಟಿಯ ನಡುವಿನಿಂದ ಎರಡು ಸೀಳು ಎಳೆದು ಕಿವಿಯ ಹತ್ತಿರ ಒಂದಕ್ಕೊಂದು ಬಡಿದು ನೋಡಬೇಕು, ಹಸಿ ಇದ್ದರೆ ದಬ್ ಅನ್ನುತ್ತದೆ, ಹಿಟ್ಟಿನ ಮೂಟೆ ಇಳಿಸಿದ ಹಾಗೆ, ಒಣಗಿದ್ದರೆ ಟಣ್, ಗಂಟೆಯ ಜಾತಿಯ ಸದ್ದು, ಬಡಿಯುವ ಮುಂಚೆ ಭಗವಂತ ಅನ್ನುತ್ತೇನೆ, ಒಣಗಿಸಿದವನು ನಾನಲ್ಲ, ಬಿಸಿಲು ಅವನದು, ಗಾಳಿ ಅವನದು, ನಾವು ಸಂದು ಬಿಟ್ಟು ಜೋಡಿಸಿ ಕಾದೆವು, ಅಷ್ಟೇ. ಆ ಅಟ್ಟಿ ಐದು ವಾರದ ಹಿಂದೆ ಟಣ್ ಅಂದಿತು. ಬೇರೆ ಎರಡು ಎಳೆದು ಬಡಿದೆ, ಟಣ್, ಇನ್ನೆರಡು, ಟಣ್, ಅಷ್ಟು ಹೊತ್ತಿಗೆ ಕಚೇರಿ ಕೋಣೆಯ ಬಾಗಿಲಿನಿಂದ ಮಗಳು ಕೂಗಿ ಕೇಳಿದಳು, ಹೇಗಿದೆ ದೊಡ್ಡಪ್ಪ, ನಾನು ಅವಳ ಕಡೆ ತಿರುಗದೆ ಹೇಳಿದೆ, ಇನ್ನೂ ಹಸಿ ಕಣಮ್ಮ.

ಒಣಗಿದ್ದನ್ನು ಹಸಿ ಅಂದೆ. ಹಸಿಯನ್ನು ಒಣಗಿದ್ದು ಅಂತ ಕೊಟ್ಟವರನ್ನು ಕಂಡಿದ್ದೇನೆ, ಅಂಥವರ ಅಂಗಳದ ಕಡೆ ತಲೆ ಹಾಕಿ ಮಲಗಿದವನಲ್ಲ ನಾನು, ಆದರೆ ಇದು ಎಲ್ಲೂ ಇಲ್ಲದ ಸುಳ್ಳು, ಯಾರಿಗೂ ಲಾಭವಿಲ್ಲದ ಸುಳ್ಳು, ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಎದ್ದು ನೇರ ಅಲ್ಲಿಗೆ ಹೋಗಿ ಬಡಿದು ಕೇಳಿ ಬಂದು ಸುಳ್ಳು ಹೇಳುವುದು, ಇನ್ನೂ ಹಸಿ, ಇನ್ನೊಂದು ಸ್ವಲ್ಪ ದಿನ, ಗೋಡೆಯ ನೆರಳು ಬೀಳುತ್ತೆ ನೋಡು ಅದಕ್ಕೆ, ಅವಳು ಸರಿ ದೊಡ್ಡಪ್ಪ ಅನ್ನುತ್ತಾಳೆ, ಹೆಚ್ಚು ಕೇಳುವುದಿಲ್ಲ. ದೇವರ ಮುಂದೆ ಕೂತಾಗ ಇದನ್ನು ಹೇಳಿಕೊಳ್ಳಲು ಹೋಗಿ ಅವನಿಗೂ ಬಾಯಿತಪ್ಪಿ ಹಸಿ ಅಂದೆ ಒಂದು ದಿನ. ಏನು ಉಳಿಸಿಕೊಳ್ಳುತ್ತಿದ್ದೀಯ ಮುದುಕ, ಸೌದೆ, ಸೌದೆ ಇರುವುದು ಉರಿಯಲಿಕ್ಕೆ, ತಮ್ಮನೂ ಅದನ್ನೇ ಅನ್ನುತ್ತಿದ್ದ. ಊರಿಗೆಲ್ಲ ಅವನು ಎಡಚ, ಶಾಲೆಯಲ್ಲಿ ಯಾರೋ ಇಟ್ಟ ಹೆಸರು ಅರವತ್ತು ದಾಟಿದರೂ ಬಿಡಲಿಲ್ಲ, ಕೊಡಲಿ ಹಿಡಿಯುವುದೂ ಎಡಗೈ ಮುಂದೆ, ದಿಮ್ಮಿಯನ್ನು ಕೊರಡಿನ ಮೇಲೆ ನಿಲ್ಲಿಸಿ ಮೊದಲು ಒಂದು ಸಣ್ಣ ಏಟು, ಏಟೂ ಅಲ್ಲ, ತಟ್ಟುವುದು, ಟಕ್, ದಿಮ್ಮಿಯ ತಲೆಯ ಮೇಲೆ ಎಡಕ್ಕೆ ವಾಲಿದ ಒಂದು ಕಚ್ಚು ಬೀಳುತ್ತದೆ, ಉಗುರು ಊರಿದ ಹಾಗೆ, ಆಮೇಲೆ ಕೊಡಲಿ ಮೇಲೆ ಹೋಗಿ ಎರಡನೆಯದು, ಆಗ ಇಬ್ಭಾಗ, ಯಾವ ದಿಮ್ಮಿಯಾದರೂ ಎರಡೇ, ಟಕ್, ಧಡ್, ಟಕ್, ಧಡ್, ಬೆಳಗಿನಿಂದ ಸಂಜೆಯವರೆಗೆ ಈ ಅಂಗಳದ ಗಡಿಯಾರ ಅದು. ಹುಡುಗರಾಗಿದ್ದಾಗ ಗೇಲಿ ಮಾಡುತ್ತಿದ್ದೆ, ಅದೇನೋ ಎಡಚ, ಸೌದೆ ಬಾಗಿಲಾ ನೀನು ತಟ್ಟಿ ಒಳಗೆ ಹೋಗೋಕೆ, ಅವನು ಬೆವರು ಒರೆಸಿಕೊಂಡು, ಮೊದಲನೇದು ಕೇಳೋಕೆ ಅಣ್ಣ, ಎರಡನೇದು ಕಡಿಯೋಕೆ, ಕೇಳದೆ ಹೇಗೆ ಕಡಿಯೋದು, ಅಷ್ಟು ವರ್ಷ ನಿಂತಿದ್ದ ಮರ. ನಾನು ದಿನಕ್ಕೆ ಎರಡು ಹೊತ್ತು ಕೈಮುಗಿಯುವವನು, ಅವನು ಕೈಮುಗಿದದ್ದನ್ನು ನಾನು ಕಂಡಿಲ್ಲ, ಆದರೂ ಆ ಮಾತು ನನಗೆ ಬರಲಿಲ್ಲ, ಅವನಿಗೆ ಬಂತು.

ಮೂರು ವರ್ಷದ ಹಿಂದೆ ಇದೇ ಮಗಳು ಒಂದು ಚಿತ್ರ ತಂದು ತೋರಿಸಿದ್ದಳು, ಸೀಳುವ ಯಂತ್ರ, ಇಷ್ಟು ದೊಡ್ಡದಲ್ಲ, ಒಂದು ಮೇಜಿನಷ್ಟು, ಬೆಣೆ ತಾನಾಗಿ ಮುಂದೆ ಬಂದು ಒತ್ತುತ್ತದೆ, ಅಪ್ಪಂಗೆ ಉಸಿರು ಕಟ್ಟುತ್ತೆ ದೊಡ್ಡಪ್ಪ, ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತುತ್ತಾರೆ, ಆಗ ಇದೇ ಬಾಯಿ ಏನು ಹೇಳಿತು, ಯಂತ್ರ ಸೀಳಿದ್ದು ನಾರು ನಾರಾಗುತ್ತೆ, ಸರಿಯಾಗಿ ಒಣಗಲ್ಲ, ಎಡಚಂಗೆ ಏನಾಗಿದೆ, ಗುಂಡುಕಲ್ಲಿನ ಹಾಗಿದಾನೆ, ಅವನೂ ನಕ್ಕ, ಅಣ್ಣ ಬೇಡ ಅಂದ್ರೆ ಬೇಡ ಬಿಡು, ನನಗಿಂತ ಒಂದು ಮಾತು ಮೇಲೆ ಆಡಿದವನೇ ಅಲ್ಲ ಅವನು, ಆಡಬಾರದಿತ್ತೇ ಒಂದು ಸಲ, ಅಣ್ಣ ನಿನಗೆ ಬುದ್ಧಿ ಇಲ್ಲ ಅನ್ನಬಾರದಿತ್ತೇ, ಅವನ ಹೃದಯದ ವಿಷಯ ವೈದ್ಯರು ಅವನಿಗೆ ಹೇಳಿದ್ದರಂತೆ, ಕೊಡಲಿ ಮುಟ್ಟಬೇಡಿ ಅಂತ, ಚೀಟಿ ಆಮೇಲೆ ಸಿಕ್ಕಿತು, ಗವಸಿನ ಒಳಗೆ ಮಡಿಸಿ ಇಟ್ಟಿದ್ದ. ಅವತ್ತು ಬೆಳಿಗ್ಗೆ ಇಂಥದ್ದೇ ಹೊತ್ತು, ಇಂಥದ್ದೇ ಬಿಸಿಲು, ನಾನು ಕಚೇರಿ ಕೋಣೆಯಲ್ಲಿ ರೊಟ್ಟಿ ಒಲೆಯವನ ಜೊತೆ ಮಾತಿನಲ್ಲಿದ್ದೆ, ಹೊರಗೆ ಟಕ್ ಅಂತ ಕೇಳಿತು, ಮಾತು ಮುಂದುವರಿಸಿದೆ, ಮಾತಿನ ಮಧ್ಯೆ ಕಿವಿ ಎರಡನೆಯದಕ್ಕೆ ಕಾಯುತ್ತಿತ್ತು, ಕಾಯುತ್ತಿದೆ ಅಂತ ನನಗೇ ಗೊತ್ತಿರಲಿಲ್ಲ, ಬರಲಿಲ್ಲ, ರೊಟ್ಟಿ ಒಲೆಯವನು ಏನೋ ಕೇಳಿದ, ನಾನು ಎದ್ದು ನಿಂತೆ, ಎದ್ದು ನಿಂತದ್ದು ಯಾಕೆ ಅಂತ ಅವನು ಆಮೇಲೆ ಎಷ್ಟೋ ಸಲ ಕೇಳಿದ. ತಮ್ಮ ಕೊರಡಿಗೆ ಒರಗಿ ಕೂತಿದ್ದ, ದಣಿವಾರಿಸಿಕೊಳ್ಳುವವನ ಹಾಗೆ, ಕೊಡಲಿ ತೊಡೆಯ ಮೇಲೆ, ದಿಮ್ಮಿ ಕೊರಡಿನ ಮೇಲೆ ನಿಂತೇ ಇತ್ತು, ತಲೆಯ ಮೇಲೆ ಒಂದೇ ಒಂದು ಕಚ್ಚು, ಹೊಸದು, ಒಳಗಿನ ಬಿಳುಪು ಕಾಣುವ ಹಾಗೆ. ಕೇಳಿದ್ದ. ಕಡಿದಿರಲಿಲ್ಲ. ಆ ಅಟ್ಟಿಯನ್ನು ನಾನೇ ಏರಿಸಿದೆ, ಒಬ್ಬನೇ, ಮಣ್ಣು ಕೊಟ್ಟು ಬಂದ ಮಾರನೆಯ ದಿನ, ಸಂದು ಬಿಟ್ಟು, ಅಡ್ಡ ಉದ್ದ, ಕಚ್ಚು ಇರುವ ಸೀಳಿನ ಪಕ್ಕ ಕಚ್ಚಿಲ್ಲದ ಅದರ ಜೋಡಿ, ಕೊನೆಗೆ ತಗಡು ಹೊದಿಸಿ ಆ ದಿಮ್ಮಿಯನ್ನು ಎತ್ತಿ ಮೇಲೆ ಇಟ್ಟೆ, ಭಾರಕ್ಕೆ ಅಂತ ಮಗಳಿಗೆ ಹೇಳಿದೆ. ಭಾರಕ್ಕೇ.

ಗುಡುಗು. ಅಲ್ಲ, ಯಂತ್ರ ಶುರುವಾಯಿತು, ಕೊರಡಿನ ಮೂಲಕ ನಡುಕ ನನ್ನ ಬೆನ್ನುಹುರಿಗೆ ಹತ್ತುತ್ತದೆ, ಬಿಳಿ ಅಂಗಿಯವನು ಓಡಿ ಬಂದು, ತಾತ ಇದನ್ನ ಹಾಕ್ಕೊಳ್ಳಿ, ಕಿವಿ ಹಾಳಾಗುತ್ತೆ, ಕಿವಿಯ ಮೇಲೆ ಎರಡು ಬಟ್ಟಲು ಕೂರಿಸುತ್ತಾನೆ, ಕೂಡಲೇ ಅಂಗಳ ಮುಳುಗಿತು, ನೀರಿನ ಒಳಗೆ ಕೂತ ಹಾಗೆ, ಎಲ್ಲರ ಬಾಯಿ ಆಡುತ್ತಿದೆ, ಸದ್ದು ದೂರ. ಮೊದಲು ಹಸಿ ಕೊಂಬೆ ಕೊಟ್ಟರು, ಅವನೇ ತಂದಿದ್ದು, ಎಲೆ ಸಮೇತ ಹೋಯಿತು, ಆ ಕಡೆ ಕೊಳವೆಯಿಂದ ಹಸಿರು ಉಗುಳಿತು, ಮಗಳು ಬಗ್ಗಿ ಒಂದು ಹಿಡಿ ತೆಗೆದು ಬೆರಳಲ್ಲಿ ಉಜ್ಜಿ ಬಿಸಾಡಿದಳು, ಯಂತ್ರ ತಗ್ಗಿಸಿದರು, ಬಟ್ಟಲು ಸ್ವಲ್ಪ ಸರಿಸಿ ಕೇಳಿಸಿಕೊಂಡೆ, ಇದು ಸೊಪ್ಪು ಕತ್ತರಿಸಿದ ಹಾಗಾಯ್ತು, ನನಗೆ ಇದು ಬೇಡ, ಬಾಯ್ಲರಿನವರು ಕೇಳೋದು ಒಣ ಚಕ್ಕೆ, ಹೆಬ್ಬೆರಳಿನಷ್ಟು, ಎಲ್ಲಾ ಒಂದೇ ಅಳತೆ, ಒಣದು ಹಾಕಿ ತೋರಿಸಿ, ಆಗ ನೋಡೋಣ ನಿಮ್ಮ ಮಾವನ ಹಲ್ಲು. ಅವನು ನಕ್ಕು, ಕೊಡಿ ಅಮ್ಮಾ ಕೊಡಿ, ನಿಮ್ಮ ಅಂಗಳದ್ದೇ ಕೊಡಿ, ದಪ್ಪದ್ದು ಇದ್ರೆ ಇನ್ನೂ ಒಳ್ಳೇದು. ಅವಳು ನನ್ನ ಕಡೆ ನೋಡಿದಳು, ಹೊರೆ ಹೊರುವವನಿಗೆ ಕೈ ಮಾಡಿದಳು, ಅವಸರಣ್ಣ ಅಂತ ಕರೆಯುತ್ತೇವೆ ಅವನನ್ನು, ಹುಟ್ಟಿದ ಮೇಲೆ ಒಂದು ದಿನವೂ ಅವಸರ ಮಾಡಿದವನಲ್ಲ ಅದಕ್ಕೆ, ತಮ್ಮನೇ ಇಟ್ಟ ಹೆಸರು, ಅವಸರಣ್ಣ ನನ್ನ ಮುಂದೆ ಬಂದು ನಿಂತಾಗ ಅವನ ಹಿಂದೆ ಬಿಸಿಲು, ಮುಖ ಕಾಣದು, ತಲೆಗೆ ಸುತ್ತಿದ ಬಟ್ಟೆ ಮಾತ್ರ, ಇಪ್ಪತ್ತು ವರ್ಷದ ಹಿಂದಿನದೇ ನಿಲುವು, ಅವನ ಹೆಗಲಾಚೆ ಕೊರಡಿನ ಹತ್ತಿರ ತಮ್ಮ ಬೆನ್ನು ಮಾಡಿ ನಿಂತಿರುತ್ತಾನೆ, ಟಕ್, ಧಡ್, ಗೇಟಿನಲ್ಲಿ ಗಾಡಿ ಬಂದು ನಿಂತಿರುತ್ತದೆ, ರೊಟ್ಟಿ ಒಲೆಯವನು ಕಣ್ಣು ಮುಚ್ಚಿ ಮೂಸುತ್ತಿರುತ್ತಾನೆ, ಬೇಸಿಗೆ, ಅಂಗಳದ ತುಂಬ ಅಟ್ಟಿ, ನಡೆಯಲು ಓಣಿ ಬಿಟ್ಟರೆ ಉಳಿದದ್ದೆಲ್ಲ ಅಟ್ಟಿ, ಯಜಮಾನ್ರೇ ಯಾವುದರಿಂದ ತೆಗೀಲಿ ಅನ್ನುತ್ತಾನೆ ಅವಸರಣ್ಣ, ಇದೇನು ಕೇಳುವ ಮಾತೇನೋ, ಎಷ್ಟು ಸಲ ಹೇಳಬೇಕು ನಿನಗೆ, ಹಳೆಯದರಿಂದ ತೆಗಿ.

ಯಾರು ಅಂದದ್ದು. ನನ್ನ ಗಂಟಲು ಇನ್ನೂ ಅದುರುತ್ತಿದೆ, ನಾನೇ. ಅವಸರಣ್ಣ ಮಗಳ ಕಡೆ ನೋಡಿದ, ಅವಳು ಮೆಲ್ಲಗೆ ತಲೆ ಆಡಿಸಿದಳು, ಅವನು ತಿರುಗಿ ನಡೆದ, ಹಿಂದಿನ ಗೋಡೆಯ ಕಡೆ, ಬೇಗ ಬೇಗ, ಇದೊಂದು ದಿನ ಅವಸರ ಎಲ್ಲಿಂದ ಬಂತು ನಿನಗೆ, ನಿಲ್ಲೋ, ಅದಲ್ಲ, ಮುಂದಿನ ಸಾಲಿನದು, ಅಂದೆನೇ, ಅಂದೆ, ಆದರೆ ಯಂತ್ರ ಮತ್ತೆ ಏರಿತ್ತು, ನನ್ನ ಮಾತು ನನ್ನ ತಲೆಬುರುಡೆಯ ಒಳಗೇ ಉಳಿಯಿತು, ಬಟ್ಟಲು ಕಿತ್ತು ಎಸೆದೆ, ಆಗ ಬರೀ ಗುಡುಗು, ಕೊರಡಿನ ತಗ್ಗು ಹಿಡಿದುಕೊಂಡಿದೆ, ಏಳು, ಎಡಚ ಕೈ ಕೊಡೋ, ಎದ್ದೆ, ಅಷ್ಟರಲ್ಲಿ ಅವಸರಣ್ಣ ತಗಡಿನ ಮೇಲಿನದನ್ನು ಎರಡು ಕೈಯಲ್ಲಿ ಅವುಚಿ ಎತ್ತಿಕೊಂಡು ಬರುತ್ತಿದ್ದಾನೆ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ, ಬಿಳಿ ಅಂಗಿಯವನು ಚಪ್ಪಾಳೆ ತಟ್ಟುತ್ತಾನೆ, ದಪ್ಪ ಕೇಳಿದ್ದನಲ್ಲ, ದಪ್ಪವೇ ಸಿಕ್ಕಿತು, ಮೇಲಿದ್ದದ್ದು ಅದೇ ತಾನೇ, ಮೊದಲು ಇಳಿಸಬೇಕಾದದ್ದು ಅದೇ, ಎಲ್ಲವೂ ಕ್ರಮಪ್ರಕಾರ, ನಾನು ಕಲಿಸಿದ ಕ್ರಮ, ಯಾರೂ ತಪ್ಪು ಮಾಡುತ್ತಿಲ್ಲ. ಹಳದಿ ಬಾಯಿಯಲ್ಲಿ ಇಟ್ಟ, ದಿಮ್ಮಿಯ ತಲೆ ನನ್ನ ಕಡೆ ತಿರುಗಿತ್ತು, ಹದಿನಾಲ್ಕು ತಿಂಗಳ ಬಿಸಿಲಿಗೆ ಬೂದಿಯ ಬಣ್ಣ, ನಡುವಿನಿಂದ ಅಂಚಿಗೆ ಬಿರುಕು, ಎಡಕ್ಕೆ ವಾಲಿ ಒಂದು ಕಚ್ಚು, ಉಗುರು ಊರಿದ ಹಾಗೆ, ಅಲ್ಲೇ ಇದೆ, ಕೇಳುತ್ತಾ ಇದೆ, ಭಗವಂತ, ನಾನು ಕೈ ಎತ್ತಿದೆ, ಕೈ ಎತ್ತಿದ ಮುದುಕನನ್ನು ಬಿಳಿ ಅಂಗಿಯವನು ನೋಡಿ ತಾನೂ ಕೈ ಎತ್ತಿದ, ಸರಿ ಅನ್ನುವ ಹಾಗೆ ಹೆಬ್ಬೆರಳು ತೋರಿಸಿದ, ಉರುಳೆಗಳು ಕಚ್ಚಿದವು, ಎಳೆದವು. ತಟ್ಟಲಿಲ್ಲ. ಎರಡು ಏಟಲ್ಲ, ಒಂದೂ ಅಲ್ಲ, ಏಟೇ ಇಲ್ಲ, ಒಂದು ನರಳಿಕೆ ಮೇಲೇರಿ ಇಳಿಯಿತು, ನಾನು ಅಷ್ಟು ದಿನ ಕಾದ ಎರಡನೆಯದು ಹೀಗಾಯಿತು, ಅಷ್ಟೇ ಹೊತ್ತು, ಭಗವಂತ ಅನ್ನಲು ಬೇಕಾದಷ್ಟೂ ಇಲ್ಲ.

ಮಗಳು ಬರುತ್ತಿದ್ದಾಳೆ, ಗವಸು ಕಳಚಿದ್ದಾಳೆ, ಬೊಗಸೆ ತುಂಬ ಚಕ್ಕೆ, ಯಂತ್ರ ನಿಂತಿದೆ, ಇಷ್ಟು ಮೌನ ಈ ಅಂಗಳದಲ್ಲಿ ಯಾವಾಗ ಇತ್ತು, ಅವತ್ತು ಇತ್ತು. ನೋಡು ದೊಡ್ಡಪ್ಪ, ಅಂತ ನನ್ನ ಕೈಗೆ ಸುರಿಯುತ್ತಾಳೆ, ಬೆಚ್ಚಗಿದೆ, ಮೈ ಬಿಸಿ ಇದ್ದ ಹಾಗೆ, ಎಷ್ಟು ಚೆನ್ನಾಗಿ ಒಣಗಿದೆ ನೋಡು, ಒಂದೇ ಅಳತೆಗೂ ಬಂದಿದೆ. ಅವಳ ಕಣ್ಣು ತುಂಬಿದೆ, ದೂಳಿಗೋ. ಕೆಳಗೆ ಮಂಡಿಯೂರಿ ಕೂತು ಮೆಲ್ಲಗೆ, ಅವರಿಗೆ ಕೇಳದ ಹಾಗೆ, ಒಣಗಿದ್ದು ನನಗೂ ಗೊತ್ತಿತ್ತು ದೊಡ್ಡಪ್ಪ, ನೀನು ಊಟಕ್ಕೆ ಹೋದಾಗ ನಾನೂ ಬಡಿದು ನೋಡಿದ್ದೆ, ಒಂದು ತಿಂಗಳಾಯ್ತು, ನೀನು ಹಸಿ ಹಸಿ ಅಂತಿದ್ದೆಯಲ್ಲ, ಇರಲಿ ಅಂತ ಸುಮ್ಮನಿದ್ದೆ, ನಾನಾಗಿ ಕೇಳಬಾರದು ಅಂತ, ನೀನು ಹೇಳೋ ತನಕ ಅದನ್ನ ಮುಟ್ಟೋದೇ ಬೇಡ, ಯಂತ್ರ ಬಂದ್ರೂ ಅದು ಹಾಗೇ ಇರಲಿ ಅಂದ್ಕೊಂಡಿದ್ದೆ, ಇವತ್ತು ನೀನೇ ಅಂದೆಯಲ್ಲ, ಹಳೇದರಿಂದ ತೆಗಿ ಅಂತ, ನನ್ನ ಎದೆ ಹಗುರಾಯ್ತು ದೊಡ್ಡಪ್ಪ, ಅಪ್ಪಂಗೂ ಸಂತೋಷ ಆಗಿರುತ್ತೆ. ಹಾಗೇ ಇರಲಿ ಅಂದುಕೊಂಡಿದ್ದಳು. ಉಳಿಯುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಉಳಿಯುತ್ತಿತ್ತು, ಎರಡು ಸಲ ಬಾಯಿ ತೆರೆದೆ ಈ ಅಂಗಳದಲ್ಲಿ, ಯಂತ್ರ ಬೇಡ ಅಂತ ಒಂದು ಸಲ, ಇದೊಂದು ಸಲ. ಹೇಳಲೇ ಅವಳಿಗೆ, ಮರೆತು ಆಡಿದ ಮಾತು ಮಗಳೇ, ಮನಸ್ಸು ಗಟ್ಟಿ ಮಾಡಿಕೊಂಡದ್ದಲ್ಲ, ಮುದುಕನ ಅಭ್ಯಾಸ, ಹೇಳಿದರೆ ಆ ದಿಮ್ಮಿಗೆ ತಲೆಯಾಡಿಸಿದವಳು ಅವಳು, ಉಳಿದ ಜೀವಮಾನ ಅದನ್ನು ಹೊರಬೇಕಾಗುತ್ತದೆ. ಅವಸರಣ್ಣ ಅಲ್ಲಿ ತಗಡು ಇಳಿಸುತ್ತಿದ್ದಾನೆ, ಗೋಡೆಗೆ ಒರಗಿಸುವ ಸದ್ದು, ಇನ್ನು ಅಟ್ಟಿಗೆ ಮರೆಯಿಲ್ಲ. ಬಿಳಿ ಅಂಗಿಯವನು ಕಾಗದ ಹಿಡಿದು ನಿಂತಿದ್ದಾನೆ, ಡ್ರಮ್ಮಿನದೇ ತಾನೇ ಅಮ್ಮಾ. ಇದನ್ನೇ ತಗೊಳ್ಳೋಣವಾ ದೊಡ್ಡಪ್ಪ, ಅವಳು ಕೇಳುತ್ತಾಳೆ, ಕೇಳಿದಳು, ಕೇಳದೆ ಕಡಿಯುವವಳಲ್ಲ ಇವಳೂ, ನಾನು ತಲೆ ಆಡಿಸುತ್ತೇನೆ, ಸರಿ ಮಗಳೇ, ಬೊಗಸೆಯಲ್ಲಿ ಚಕ್ಕೆ, ಬೆರಳಿನಿಂದ ಒಂದೊಂದಾಗಿ ಮಗುಚುತ್ತೇನೆ, ಬಿಳುಪು, ಬಿಳುಪು, ಇದು ಒಳಗಿನದು, ಇದು ತೊಗಟೆಯದು, ಬೂದಿ ಬಣ್ಣದ್ದು ಎಲ್ಲಿ, ತಲೆಯ ಕಡೆಯದು ಎಲ್ಲಿ, ಇದರಲ್ಲಿ ಇಲ್ಲ, ಇದರಲ್ಲೂ ಇಲ್ಲ, ಇದು, ಅಲ್ಲ, ಎಲ್ಲಾ ಒಂದೇ ಅಳತೆ, ಎಲ್ಲೋ ಇರಬೇಕು, ಎಡಕ್ಕೆ ವಾಲಿ, ಒಂದೇ ಒಂದು, ಉಗುರು ಊರಿದ ಹಾಗೆ —